ಮೇಡಂಗೆ ಅಂತ ಇಟ್ಟ ತಪ್ಪು

ಬೆಳಿಗ್ಗೆ ಆರಕ್ಕೆಲ್ಲ ಅವಳು ನೆಲ ಒರೆಸಿ ಮುಗಿಸಿದ್ದಳು. ಏಳಕ್ಕೆ ಇನ್ನೊಮ್ಮೆ ಒರೆಸಿದಳು. ಏಳೂವರೆಗೆ ಬಕೆಟ್ಟು ಎಳೆದುಕೊಂಡು ಮೂರನೇ ಸಲ ಬಗ್ಗಿದಾಗ ಅತ್ತೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಹೇಳಿದರು.

"ಸಾಕು ಬಿಡಮ್ಮಾ. ಹೀಗೇ ಉಜ್ಜಿದ್ರೆ ನೆಲ ಸವೆದು ಕೆಳಗಿನ ಮನೆಯವರ ತಟ್ಟೆಗೆ ಬೀಳ್ತೀವಿ."

"ಅಧಿಕಾರಿ ಬರ್ತಾರೆ ಅತ್ತೆ."

"ಬರ್ಲಿ. ಮೂವತ್ತು ವರ್ಷ ಆಸ್ಪತ್ರೆ ನೆಲ ಒರೆಸಿದೋಳು ನಾನು. ದೊಡ್ಡ ಡಾಕ್ಟರು ಬರೋ ದಿನಾನೂ ಒಂದೇ ಸಲ ಒರೆಸ್ತಿದ್ದೆ. ಯಾವ ದೊಡ್ಡೋರೂ ನೆಲ ನೋಡೋಕೆ ಬರಲ್ಲ ಕಣೇ."

ಬರುವವರು ನೋಡಲಿದ್ದದ್ದು ನೆಲವನ್ನಲ್ಲ, ಒಂಬತ್ತು ವರ್ಷದ ಮಗಳನ್ನು. ಶಿಕ್ಷಣ ಕಚೇರಿಯ ಕಾಗದ ಬಂದು ಹದಿನೈದು ದಿನವಾಗಿತ್ತು. ಮನೆಯಲ್ಲೇ ಕಲಿಯುವ ಮಕ್ಕಳನ್ನು ಒಂಬತ್ತು ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಂದು ಪರೀಕ್ಷಿಸುತ್ತಾರೆ. ಒಂಬತ್ತೂವರೆಯಿಂದ ಹತ್ತೂವರೆ, ಹತ್ತು ಪ್ರಶ್ನೆ. ಎಂಟು ಉತ್ತರ ಸರಿಯಾದರೆ ಇನ್ನೊಂದು ವರ್ಷ ಮನೆಯ ಪಾಠ. ಏಳಾದರೆ ಸೋಮವಾರದಿಂದ ಶಾಲೆ. ಕಾಗದದಲ್ಲಿ 'ಹತ್ತಿರದ ಶಾಲೆ' ಎಂದಷ್ಟೇ ಇತ್ತು. ಹತ್ತಿರವಿದ್ದದ್ದು ಅದೊಂದೇ, ಅವರು ಮಗಳನ್ನು ಬಿಡಿಸಿಕೊಂಡು ಬಂದ ಶಾಲೆ.

ಹುಟ್ಟಿದಾಗಿನಿಂದ ಆ ಹುಡುಗಿಯ ಬಾಯಿ ನಿಂತದ್ದೇ ಇಲ್ಲ. ನಿದ್ದೆಯಲ್ಲೂ ಏನಾದರೊಂದು ಹೇಳುತ್ತಿದ್ದಳು. ಅಪ್ಪ ಅವಳನ್ನು ಜೀರುಂಡೆ ಎಂದು ಕರೆದ. ಮನೆಯವರೆಲ್ಲ ಹಾಗೇ ಕರೆದರು. ಅಂಥ ಜೀರುಂಡೆ ಎರಡನೇ ತರಗತಿಯ ನಡುವೆ ಒಂದು ದಿನ ಸುಮ್ಮನಾಯಿತು. ಆದದ್ದಿಷ್ಟೇ. ಕಾಪಿ ಬರೆದದ್ದರಲ್ಲಿ ಹದಿನಾಲ್ಕು ತಪ್ಪಿದ್ದವು. ಟೀಚರು ಆ ಹಾಳೆಯನ್ನು ಹುಡುಗಿಯ ಬೆನ್ನಿಗೆ ಪಿನ್ನು ಹಾಕಿ ಚುಚ್ಚಿ, ಮೂರು ತರಗತಿಗಳ ಬಾಗಿಲಿಗೂ ಕರೆದುಕೊಂಡು ಹೋಗಿ ತೋರಿಸಿದರು. ಕೇಳಲು ಹೋದ ತಾಯಿಗೆ ಹೆಡ್‌ಮಾಸ್ತರು ಕುರ್ಚಿಯನ್ನೂ ತೋರಿಸದೆ, "ಶಿಸ್ತಮ್ಮಾ, ಶಿಸ್ತು. ನಾವೂ ಹೀಗೇ ಕಲಿತಿದ್ದು" ಎಂದರು. ಹೀಗೇ ಕಲಿತಿದ್ದಾರೆಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಮಗುವನ್ನು ಅದರ ತಪ್ಪಿನ ಜಾಹೀರಾತು ಮಾಡಿ ಮೆರವಣಿಗೆ ಹೊರಡಿಸಿದವರಿಗೆ ಸಂಬಳ, ಬಡ್ತಿ, ಬೀಳ್ಕೊಡುಗೆಯ ಹಾರ. ಮಗುವಿಗೆ ಮಾತ್ರ ಎಂಟು ತಿಂಗಳ ಮೌನ. ಆ ಎಂಟು ತಿಂಗಳನ್ನು ಯಾವ ಕಚೇರಿಯ ಯಾರೂ ಬಂದು ಪರೀಕ್ಷಿಸಲಿಲ್ಲ.

ತಾಯಿ ಟೈಲರು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕ ಅವಳ ಮಷೀನು. ಹೊಲಿಯುತ್ತಿದ್ದದ್ದು ಶಾಲೆಯ ಸಮವಸ್ತ್ರ. ಯಾವ ಶಾಲೆ ತನ್ನ ಮಗಳ ಬಾಯಿ ಹೊಲಿದಿತ್ತೋ ಅದೇ ಶಾಲೆಯ ಅಂಗಿಗಳಿಗೆ ಅವಳು ಕಾಲರು ಕೂರಿಸುತ್ತಿದ್ದಳು. ಬೇರೆ ಕೆಲಸವಿದ್ದರೆ ಬಿಡುತ್ತಿದ್ದಳು, ಇರಲಿಲ್ಲ. ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಪೆನ್ಸಿಲು ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ, ಸಿಟ್ಟಿನಲ್ಲೋ ದಣಿವಿನಲ್ಲೋ, ತಾಯಿ ಒಂದು ಅಂಗಿಗೆ ಜೇಬನ್ನು ತಲೆಕೆಳಗಾಗಿ ಹೊಲಿದಳು. ಬಾಯಿ ಕೆಳಗೆ, ತಳ ಮೇಲೆ.

"ಅಮ್ಮಾ, ಇದ್ರಲ್ಲಿ ಏನಿಟ್ರೂ ಬಿದ್ದುಹೋಗತ್ತೆ" ಎಂದಿತು ಪಕ್ಕದಿಂದ ಒಂದು ದನಿ. ಎಂಟು ತಿಂಗಳಲ್ಲಿ ಕೇಳಿದ ಮೊದಲ ಪೂರ್ತಿ ವಾಕ್ಯ. ಹೇಳಿ, ಹುಡುಗಿ ನಕ್ಕಳು.

ಮರುದಿನ ತಾಯಿ ಬೇಕಂತಲೇ ಒಂದು ತಪ್ಪು ಮಾಡಿದಳು. ಅದರ ಮರುದಿನ ಇನ್ನೊಂದು. ಕ್ರಮೇಣ ಅದು ಮನೆಯ ರೂಢಿಯಾಯಿತು. ಈ ಮನೆಯಲ್ಲಿ ಯಾರು ಏನು ಬರೆದರೂ ಅದರಲ್ಲಿ ಒಂದು ತಪ್ಪಿಡಬೇಕು. ಓದಿದವರು ಅದನ್ನು ಹುಡುಕಿ ಸುತ್ತ ಒಂದು ಗೆರೆ ಎಳೆಯಬೇಕು. ಬಾಗಿಲಿಗೆ ಅಂಟಿಸುವ ಚೀಟಿ, ಸಾಮಾನಿನ ಪಟ್ಟಿ, ಪಾಠ, ಲೆಕ್ಕ, ಎಲ್ಲಕ್ಕೂ ಇದೇ. ತಪ್ಪಿಡದೆ ಬರೆದವರು ಜಿಪುಣರು. ಅರವತ್ತೆಂಟನೇ ವಯಸ್ಸಿನಲ್ಲಿ ಮೊಮ್ಮಗಳಿಂದ ಅಕ್ಷರ ಕಲಿಯುತ್ತಿದ್ದ ಅತ್ತೆ ಈ ಮನೆಯ ಅತಿ ದೊಡ್ಡ ದಾನಿ. ಒಂದು ಸಾಲಿಗೆ ಆರೇಳು ತಪ್ಪು ಧಾರಾಳವಾಗಿ ಕೊಡುತ್ತಿದ್ದರು. ಅದರಲ್ಲಿ ಬೇಕಂತ ಮಾಡಿದ್ದು ಯಾವುದು, ಬಾರದೆ ಮಾಡಿದ್ದು ಯಾವುದು ಎಂದು ಯಾರೂ ಕೇಳುವಂತಿರಲಿಲ್ಲ. ಮನೆಯಲ್ಲಿದ್ದ ಕಾನೂನು ಅದೊಂದೇ.

ಇವತ್ತು ಬೆಳಿಗ್ಗೆಯೂ ಸಿಟಿ ಬಸ್ಸಿನ ಡ್ರೈವರಾದ ಗಂಡ ಐದಕ್ಕೇ ಎದ್ದು ಹೋಗುವಾಗ ಚೀಟಿ ಅಂಟಿಸಿದ್ದ: 'ಹನ್ನೊಂದನೇ ನಂಬರ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಸ್ಸು ಓಡಿಸುತ್ತೇನೆ. ಎರಡು ಗಂಟೆಗೆ ಬರುತ್ತೇನೆ. ಧೈರ್ಯವಾಗಿರಿ.'

ಓದಲು ಈಗಷ್ಟೇ ಕಲಿಯುತ್ತಿದ್ದ ಐದು ವರ್ಷದ ಚಿಕ್ಕವಳು, ಬುಗುರಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಕೊನೆಗೆ ಕಿರುಚಿದಳು. "ಹಿಂದಿನ ಸೀಟಾ? ಅಪ್ಪನ ಕೈ ಅಷ್ಟುದ್ದ ಇದೆಯಾ?"

"ಸಿಕ್ತು, ಗೆರೆ ಎಳಿ" ಎಂದಳು ಜೀರುಂಡೆ, ಬ್ರೆಡ್ಡು ತುಂಬಿದ ಬಾಯಲ್ಲೇ.

ತಾಯಿ ತನ್ನ ಬ್ರೆಡ್ಡು ಮುಟ್ಟದೆ ಬುಗುರಿಯ ಕಡೆ ಸರಿಸಿದಳು. ಅವಳ ಹಿಂದಿನ ರಾತ್ರಿಯ ಊಟವೂ ತಟ್ಟೆಯಲ್ಲೇ ಉಳಿದಿತ್ತು. ಮಗಳ ತಲೆ ಬಾಚುತ್ತಾ ಅವಳು ಹದಿನೈದು ದಿನದಿಂದ ಹೇಳಿದ್ದನ್ನೇ ಮತ್ತೆ ಹೇಳಿದಳು. ಪ್ರಶ್ನೆಯನ್ನು ಪೂರ್ತಿ ಓದು. ಅವಸರ ಬೇಡ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗು. ಉಗುರು ಕಚ್ಚಬೇಡ. ಹೇಳಬೇಕಾದ ಒಂದು ಮಾತನ್ನು ಮಾತ್ರ ಅವಳು ಹೇಳಿರಲಿಲ್ಲ. ಅದು ಅವಳಿಗೆ ಹೊಳೆದೇ ಇರಲಿಲ್ಲ. ಉಸಿರಾಡುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಂಬತ್ತೂಕಾಲಿಗೆ ಬಾಗಿಲು ಬಡಿಯಿತು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದ ಅಧಿಕಾರಿ ಐವತ್ತರ ಹೆಂಗಸು. ಹೆಗಲಿಗೆ ಫೈಲು ತುಂಬಿದ ಚೀಲ. ಮುಖದಲ್ಲಿ ನಗುವಿರಲಿಲ್ಲ, ಗಂಟೂ ಇರಲಿಲ್ಲ.

"ಕೂತ್ಕೊ ಮಗಳೇ, ಮೊದ್ಲು ನೀರು ಕುಡಿ" ಎಂದರು ಅತ್ತೆ. "ಪರೀಕ್ಷೆ ಎಲ್ಲಿಗೂ ಓಡಿಹೋಗಲ್ಲ."

"ಅತ್ತೆ, ಅವರು ಮೇಡಂ..." ಸೊಸೆ ಪಿಸುಗುಟ್ಟಿದಳು.

"ಮೇಡಂಗೆ ಬಾಯಾರಿಕೆ ಆಗಲ್ವಾ?"

ಮೇಡಂ ಎರಡು ಲೋಟ ನೀರು ಕುಡಿದು ಷರತ್ತುಗಳನ್ನು ಹೇಳಿದಳು. ಮೇಜಿನ ಬಳಿ ಮಗು ಮತ್ತು ತಾನು ಮಾತ್ರ. ಮನೆಯವರು ಅಡಿಗೆಮನೆಯಲ್ಲಿರಬೇಕು. ನೋಡಬಹುದು, ಆದರೆ ತುಟಿ ಬಿಚ್ಚುವಂತಿಲ್ಲ. "ನಿಮ್ಮ ಬಾಯಿಂದ ಒಂದು ಮಾತು ಬಂದ್ರೂ ಪತ್ರಿಕೆ ರದ್ದು ಮಾಡಬೇಕಾಗತ್ತೆ. ನನ್ನ ಇಷ್ಟ ಅಲ್ಲ, ನಿಯಮ."

ತಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಒಂಬತ್ತೂವರೆಗೆ ಮಗಳ ಕೈಗೆ ಪತ್ರಿಕೆ ಹೋಯಿತು.

ಜೀರುಂಡೆ ಓದಿದಳು. ಪೆನ್ಸಿಲು ಮುಟ್ಟಲಿಲ್ಲ. ಐದು ನಿಮಿಷ ಕಳೆಯಿತು. ಹಾಳೆ ತಿರುಗಿಸಿ ಮತ್ತೆ ಮೊದಲಿನಿಂದ ಓದಿದಳು. ಹತ್ತು ನಿಮಿಷ. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ತಾಯಿಗೆ ಆ ಮುಖ ಗೊತ್ತಿತ್ತು. ಬೆನ್ನಿಗೆ ಪಿನ್ನು ಚುಚ್ಚಿಸಿಕೊಂಡು ಬಂದ ಸಂಜೆಯ ಮುಖ ಅದು. ಹಾಗಾದರೆ ಒಂದೂವರೆ ವರ್ಷ ತಾವು ಕಟ್ಟಿದ್ದೆಲ್ಲ ಒಂದು ಸರಕಾರಿ ಹಾಳೆ ಕಂಡೊಡನೆ ಕುಸಿದು ಬೀಳುವಂಥದ್ದೇ? ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹದಿನೈದು ನಿಮಿಷ.

"ಯಾಕೆ ಬರೀತಿಲ್ಲ?" ಮೇಡಂ ಕೇಳಿದಳು.

ಹುಡುಗಿ ತಲೆ ಎತ್ತಿದಳು. "ಮೂರು ಸಲ ಓದಿದೆ ಮೇಡಂ. ಸಿಗ್ತಾನೇ ಇಲ್ಲ."

"ಏನು?"

"ನೀವು ಇಟ್ಟಿರೋ ತಪ್ಪು."

"ನಾನ್ಯಾಕೆ ತಪ್ಪಿಡ್ಲಿ? ಇದ್ರಲ್ಲಿ ಒಂದೂ ತಪ್ಪಿಲ್ಲ."

ಜೀರುಂಡೆ ಆಕೆಯನ್ನು ಕನಿಕರದಿಂದ ನೋಡಿದಳು. "ಹೋಗ್ಲಿ ಬಿಡಿ. ಮೊದಲ್ನೇ ಸಲ ಬಂದಿದೀರಲ್ಲ." ಹೇಳಿ ಪೆನ್ಸಿಲು ತೆಗೆದುಕೊಂಡು ಬರೆಯತೊಡಗಿದಳು, ಪೂರ್ತಿ ತಿರುಗಿಸಿದ ನಲ್ಲಿಯ ಹಾಗೆ.

ತಾಯಿಯ ಎದೆಯಿಂದ ಒಂದು ಉಸಿರು ಹೊರಬಂತು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಇನ್ನೊಂದು ಹೊಳೆಯಿತು. ಹುಡುಗಿ ಮೇಡಂನ ತಪ್ಪು ಹುಡುಕಿದಳು ಎಂದರೆ, ಮೇಡಂಗೆ ಅಂತ ತಾನೂ ಒಂದು ತಪ್ಪಿಡುತ್ತಾಳೆ. ಇಡದೆ ಬಿಡುತ್ತಾಳೆಯೇ, ಮನೆಗೆ ಬಂದ ಅತಿಥಿಗೆ! ಇವತ್ತು ಒಂದು ದಿನ ತಪ್ಪಿಡಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೂಗುವಂತಿಲ್ಲ. ತಾಯಿ ಎರಡೂ ಕೈ ಎತ್ತಿ ಆಡಿಸಿದಳು. ತಲೆ ಅಲ್ಲಾಡಿಸಿದಳು. ಗಾಳಿಯಲ್ಲಿ ಒಂದು ದೊಡ್ಡ ಅಡ್ಡಗೆರೆ ಎಳೆದಳು. ಮಗಳು ತಲೆ ಬಗ್ಗಿಸಿಕೊಂಡು ಬರೆಯುತ್ತಲೇ ಇದ್ದಳು.

"ಅಜ್ಜೀ," ಬುಗುರಿ ಪಿಸುದನಿಯಲ್ಲಿ ಕೇಳಿದಳು, "ಅಮ್ಮ ಯಾಕೆ ಕುಣೀತಿದಾಳೆ?"

ಅತ್ತೆ ಮೊಮ್ಮಗಳ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ಸೊಸೆಯ ತೋಳನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು.

ಹತ್ತು ಹತ್ತಕ್ಕೆ ಜೀರುಂಡೆ ಪತ್ರಿಕೆ ಕೊಟ್ಟಳು. ಮೇಡಂ ಅದರ ಮೇಲೆ ಏನೂ ಗೀಚದೆ ತನ್ನದೇ ಬೇರೆ ಹಾಳೆಯಲ್ಲಿ ಗುರುತು ಹಾಕುತ್ತಾ ಹೋದಳು. ಹುಡುಗಿ ಕುರ್ಚಿಯ ಅಂಚಿಗೆ ಬಂದು, ಮೇಜಿನ ಮೇಲೆ ಗಲ್ಲವಿಟ್ಟು, ಆಕೆಯ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಏಳನೇ ಉತ್ತರಕ್ಕೆ ಪೆನ್ನು ನಿಂತಿತು.

"ಸಿಕ್ತಾ?" ಹುಡುಗಿ ಕುಪ್ಪಳಿಸಿದಳು. "ಸಿಕ್ತಾ ಮೇಡಂ? ಸಿಕ್ತು ತಾನೆ?"

"ಎರಡು ಮೀಟರ್ ಬಟ್ಟೆಯಲ್ಲಿ ಇಪ್ಪತ್ತೈದು ಸೆಂಟಿಮೀಟರಿನ ತುಂಡು ಎಷ್ಟು ಅಂತ ಪ್ರಶ್ನೆ. ಆರು ಅಂತ ಬರ್ದಿದೀಯ."

"ಹೂಂ! ಅದು ನಿಮಗೆ ಅಂತ ಇಟ್ಟಿದ್ದು. ಬೇಗ ಸಿಗ್ಲಿ ಅಂತ ತೀರಾ ಸುಲಭದ್ದನ್ನೇ ಆರಿಸ್ದೆ. ಎಂಟು ಬರತ್ತೆ. ಇಡೀ ದಿನ ಬಟ್ಟೆ ಕತ್ತರಿಸೋ ಮನೆ ಇದು, ಅಷ್ಟೂ ಗೊತ್ತಾಗಲ್ವಾ ನನಗೆ?"

ಮೇಡಂ ಅಡಿಗೆಮನೆಯ ಕಡೆ ನೋಡಿದಳು. "ಈಗ ನೀವು ಮಾತಾಡಬಹುದು. ಏನಿದು?"

ತಾಯಿ ಬಂದಳು. ಕಪಾಟಿನಿಂದ ವರ್ಷದ ನೋಟುಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದಳು. ಪುಟಪುಟಕ್ಕೂ ಒಂದು ತಪ್ಪು, ಸುತ್ತ ಗೆರೆ. ಒಮ್ಮೆ ಮಗಳ ಪೆನ್ಸಿಲು, ಒಮ್ಮೆ ತಾಯಿಯ ಸೀಮೆಸುಣ್ಣ, ಒಮ್ಮೆ ಅತ್ತೆಯ ನಡುಗುವ ಕೈ. ಬೆನ್ನಿನ ಹಾಳೆಯ ಕಥೆಯನ್ನೂ ಹೇಳಿದಳು, ಅಳದೆ, ಹಲ್ಲು ಕಚ್ಚಿಕೊಂಡು. "ತಪ್ಪಂದ್ರೆ ನೇಣು ಅಂತ ಅಲ್ಲಿ ಕಲಿಸಿದ್ರು ಮೇಡಂ. ಅದನ್ನ ಮರೆಸೋಕೆ ಇಷ್ಟೆಲ್ಲ ಮಾಡಿದ್ವಿ. ಇವತ್ತೊಂದು ದಿನ ಬೇಡ ಅಂತ ಹೇಳೋಕೆ ಮರೆತೆ. ಮರೆತೋಳು ನಾನು, ಅವಳಲ್ಲ."

ಮೇಡಂ ಕೆಲವು ಪುಟ ತಿರುಗಿಸಿ ನೋಡಿ, ಪತ್ರಿಕೆಯ ಉಳಿದ ಮೂರು ಉತ್ತರಗಳಿಗೂ ಗುರುತು ಹಾಕಿ ಮುಗಿಸಿದಳು.

"ನಿಮ್ಮ ಮಾತು ನಂಬ್ತೀನಿ. ಆದ್ರೆ ಬರೆದ ಉತ್ತರವನ್ನೇ ಎಣಿಸಬೇಕು ಅಂತ ನಿಯಮ. ಸರಿ ಇರೋದು ಏಳು."

ಏಳು. ಏಳು ಎಂದರೆ ಸೋಮವಾರ. ಸೋಮವಾರ ಎಂದರೆ ಆ ಗೇಟು, ಆ ಬಾಗಿಲುಗಳು. ಅಷ್ಟೇ ಅಲ್ಲ, ಇಟ್ಟ ತಪ್ಪು ಒಂದಾದರೆ ಇಡದ ತಪ್ಪು ಎರಡಿವೆ. ಅದು ಮಗಳಿಗೆ ಈಗ, ಪರರ ಮುಂದೆ, ಗೊತ್ತಾಗುತ್ತದೆ. ತಾಯಿಗೆ ಆ ಏಳಕ್ಕಿಂತ ಈ ಎರಡೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೇಡಂ ಗಡಿಯಾರ ನೋಡಿದಳು. "ಗಂಟೆ ಹತ್ತು ಹತ್ತೊಂಬತ್ತು. ಇನ್ನೂ ಹನ್ನೊಂದು ನಿಮಿಷ ಇದೆ." ಪತ್ರಿಕೆಯನ್ನು ಹುಡುಗಿಯ ಕಡೆ ಸರಿಸಿದಳು. "ಸಮಯ ಮುಗಿಯೋವರೆಗೆ ತಿದ್ದಬಹುದು. ಬರೆಯೋ ಯಾವ ಮಗು ಬೇಕಾದ್ರೂ ತಿದ್ದಬಹುದು, ನಿಯಮದಲ್ಲೇ ಇದೆ. ಏಳನೇದು ಬಿಟ್ಟು ಇನ್ನೂ ಎರಡು ತಪ್ಪಿವೆ. ಎಲ್ಲಿ ಅಂತ ಹೇಳೋ ಹಾಗಿಲ್ಲ. ಎಷ್ಟು ಅಂತ ಹೇಳಬಾರದು ಅಂತ ಎಲ್ಲೂ ಬರೆದಿಲ್ಲ."

ತಾಯಿ ಮಗಳ ಮುಖ ನೋಡಿದಳು. ಈಗ ಆ ಮುಖ ಬಾಡುತ್ತದೆ, ಈಗ ಆ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಕಾದಳು.

"ಇನ್ನೂ ಎರಡಾ!" ಜೀರುಂಡೆಯ ಕಣ್ಣು ಅರಳಿತು. "ನಾನು ಇಡದೇನೇ? ಹೇಳ್ಬೇಡಿ, ಹೇಳ್ಬೇಡಿ, ನಾನೇ ಹುಡುಕ್ತೀನಿ! ಬುಗುರಿ, ನೀನು ಈ ಕಡೆ ಬರಬೇಡ!"

ಪತ್ರಿಕೆಯ ಮೇಲೆ ಅವಳು ಬಿದ್ದ ರೀತಿಗೆ ಮೇಜು ಅಲುಗಾಡಿತು. ಆರನ್ನು ಹೊಡೆದು ಎಂಟು ಬರೆದಳು. ಬೆರಳಿಟ್ಟು ಒಂದೊಂದೇ ಉತ್ತರ ಓದಿದಳು. ನಾಲ್ಕನೇದರ ಬಳಿ ನಿಂತು, ಥಟ್ಟನೆ ಎದ್ದು ಕಿಟಕಿಗೆ ಓಡಿದಳು. ಆ ಶಾಲೆಯಲ್ಲಾಗಿದ್ದರೆ ಹಾಗೆ ಎದ್ದದ್ದಕ್ಕೇ ಒಂದು ಏಟು ಬೀಳುತ್ತಿತ್ತು. ಮೇಡಂ ಸುಮ್ಮನೆ ನೋಡಿದಳು.

"ಬಿಸಿಲು ಈ ಕಡೆಯಿಂದ ಬರ್ತಿದೆ, ಇದು ಪೂರ್ವ," ಹುಡುಗಿ ತನಗೆ ತಾನೇ ಜೋರಾಗಿ ಹೇಳಿಕೊಂಡಳು. "ಅಮ್ಮನ ಮಷೀನಿನ ನೆರಳು ಆ ಗೋಡೆ ಕಡೆ ಬಿದ್ದಿದೆ. ಹಾಗಾದ್ರೆ ಬೆಳಿಗ್ಗೆ ನೆರಳು ಪಶ್ಚಿಮಕ್ಕೆ! ನಾನು ಪೂರ್ವ ಅಂತ ಬರ್ದಿದೀನಿ. ಅಯ್ಯೋ ಮೂದೇವಿ!" ಎಂದು ತನ್ನ ಹಣೆಗೆ ತಾನೇ ಹೊಡೆದುಕೊಂಡು ನಗುತ್ತಾ ಓಡಿಬಂದು ತಿದ್ದಿದಳು.

ಕೊನೆಯ ತಪ್ಪು ಸಿಗಲಿಲ್ಲ. ಹತ್ತೂವರೆಗೆ ಮೇಡಂ ಕೈ ಚಾಚಿದಾಗ ಹುಡುಗಿ ಪತ್ರಿಕೆ ಬಿಡಲಿಲ್ಲ. "ಇನ್ನೊಂದು ನಿಮಿಷ ಮೇಡಂ, ಇಲ್ಲೇ ಎಲ್ಲೋ ಇದೆ ಕಳ್ಳ!"

"ಸಮಯ ಮುಗೀತು ಕಣಮ್ಮಾ." ಮೇಡಂ ಪತ್ರಿಕೆಯನ್ನು ಮೆಲ್ಲನೆ ಎಳೆದುಕೊಂಡು, ತನ್ನ ಹಾಳೆಯಲ್ಲಿ ಒಂಬತ್ತು ಎಂದು ಬರೆದಳು. ಕೆಳಗೆ ಸಹಿ, ಮೇಲೆ ಮೊಹರು. ಆ ಹಾಳೆಯ ಒಂದು ಪ್ರತಿಯನ್ನೂ, ಹುಡುಗಿ ಹಟ ಹಿಡಿದದ್ದಕ್ಕೆ ಪ್ರಶ್ನೆ ಉತ್ತರಗಳನ್ನು ನೋಡಿ ಬರೆದ ಚೀಟಿಯನ್ನೂ ಕೊಟ್ಟು, ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ತಿರುಗಿ, "ಮುಂದಿನ ವರ್ಷ ನನ್ನನ್ನೇ ಕಳಿಸಿದ್ರೆ ಖಾಲಿ ಕೈಯಲ್ಲಿ ಬರಲ್ಲ" ಎಂದಳು. ಆಗಲೇ ಮೊದಲು ನಕ್ಕಿದ್ದು.

ಮೆಟ್ಟಿಲಿನ ಮೇಲೆ ಆಕೆಯ ಚಪ್ಪಲಿಯ ಸದ್ದು ಇಳಿದುಹೋಗುವವರೆಗೂ ತಾಯಿ ನಿಂತೇ ಇದ್ದಳು. ಆಮೇಲೆ ನೆಲದ ಮೇಲೆ ಕೂತಳು. ಇನ್ನೊಂದು ವರ್ಷ. ಅಷ್ಟೇ ಅಲ್ಲ. ತಪ್ಪಿದೆ ಎಂದು ಅಧಿಕಾರಿಯೇ ಹೇಳಿದಾಗ ಮಗಳು ಹಿಂದೆ ಸರಿಯಲಿಲ್ಲ, ಮುಂದೆ ಹಾರಿದಳು. ಅದಕ್ಕೆ ಯಾವ ಕಚೇರಿ ಮೊಹರು ಒತ್ತೀತು? ಇನ್ನು ಬೇಕಾದರೆ ಯಾವ ಗೇಟಿನೊಳಗೆ ಕಳಿಸಿದರೂ ಆ ಬಾಯಿಯನ್ನು ಯಾರೂ ಹೊಲಿಯಲಾರರು. ಕಳಿಸುವುದಿಲ್ಲ, ಆ ಮಾತು ಬೇರೆ.

ಸಿಟ್ಟು ಹೋಗಿರಲಿಲ್ಲ. ಬಂದವಳು ಒಳ್ಳೆಯವಳಾದಳು, ಸರಿ. ಬೇರೆ ಯಾರಾದರೂ ಬಂದಿದ್ದರೆ? ಯಾರು ಬಾಗಿಲು ಬಡಿಯುತ್ತಾರೆ ಎಂಬ ಅದೃಷ್ಟದ ಮೇಲೆ ಒಂದು ಮಗುವಿನ ಮಾತು ನಿಲ್ಲುವುದು ಯಾವ ಸೀಮೆಯ ನ್ಯಾಯ? ಪಕ್ಕದ ಬೀದಿಗಳಲ್ಲಿ ಇವತ್ತೂ ಎಷ್ಟು ಬೆನ್ನುಗಳಿಗೆ ಪಿನ್ನು ಚುಚ್ಚುತ್ತಿದ್ದಾರೋ. ಅದನ್ನು ಕೇಳಬೇಕು, ಕೇಳದೆ ಬಿಡುವುದಿಲ್ಲ. ಆದರೆ ಆ ಸಿಟ್ಟನ್ನು ಅವಳು ನೀಟಾಗಿ ಮಡಚಿ ನಾಳೆಗೆ ಎತ್ತಿಟ್ಟಳು. ಇವತ್ತು ಅವಳಿಗೆ ಹಸಿವಾಗಿತ್ತು.

ಅತ್ತೆ ಅನ್ನ ಬಡಿಸಿದರು, ಬೇಯಿಸಿದ ಮೊಟ್ಟೆ ಒಡೆದು ಹಾಕಿದರು. ಅವಳು ತಟ್ಟೆ ಖಾಲಿ ಮಾಡಿ ಮತ್ತೆ ಚಾಚಿದಳು. ಮತ್ತೂ ಚಾಚಿದಳು.

"ಮೆಲ್ಲಗೆ ತಿನ್ನೇ," ಎಂದರು ಅತ್ತೆ. "ಪಾಸಾಗಿದ್ದು ಅವಳು. ನೀನು ಮೂರು ಜನ್ಮದ್ದು ತಿಂತಿದೀಯ."

"ಇನ್ನೊಂದು ಮೊಟ್ಟೆ ಇದೆಯಾ ಅತ್ತೆ?"

"ನನ್ನ ಪಾಲಿಂದು ಇದೆ. ತಗೋ, ಮಹಾರಾಣಿ."

ತಿಂದು, ಹೊಲಿಯಬೇಕಾಗಿದ್ದ ಅಂಗಿಗಳ ಗಂಟಿಗೆ ತಲೆಯಿಟ್ಟು ಒಂದು ನಿಮಿಷ ಎಂದು ಒರಗಿದಳು. ಹಗಲು ಅವಳು ಮಲಗಿದ್ದು ಯಾವ ಕಾಲದಲ್ಲೋ. ಮಗಳು ಚೀಟಿ ಹಿಡಿದು ಆ ಕೊನೆಯ ತಪ್ಪಿನ ಬಗ್ಗೆ ಅಜ್ಜಿಯ ತಲೆ ತಿನ್ನುತ್ತಿದ್ದದ್ದು ದೂರದಿಂದ ಕೇಳಿಸುತ್ತಿತ್ತು. ಆ ಗಲಾಟೆಯೊಳಗೇ ಅವಳಿಗೆ ನಿದ್ದೆ ಬಂತು.

ಎರಡು ಗಂಟೆಗೆ ಬಾಗಿಲು ತೆರೆದಾಗ ನಿದ್ದೆ ಅರ್ಧ ಹರಿಯಿತು. ಕಣ್ಣು ಬಿಡಲು ಮನಸ್ಸಾಗಲಿಲ್ಲ. ಗಂಡ ಚಪ್ಪಲಿ ಬಿಡುವ ಸದ್ದು ಇಲ್ಲ, ಅಲ್ಲೇ ನಿಂತಿದ್ದಾನೆ.

"ಏನಾಯ್ತು ಅಂತ ಯಾರಾದ್ರೂ ಹೇಳ್ರೋ," ಎಂದ ಬಾಗಿಲಲ್ಲೇ. "ಇವತ್ತು ಎರಡು ಸ್ಟಾಪಲ್ಲಿ ನಿಲ್ಲಿಸೋದೇ ಮರೆತೆ, ಜನ ಬೈದು ಬಿಟ್ರು."

"ಒಂಬತ್ತು ಅಪ್ಪಾ!" ಎರಡು ಗಂಟಲು ಒಟ್ಟಿಗೆ ಕಿರುಚಿದವು. "ಹತ್ತಕ್ಕೆ ಒಂಬತ್ತು! ಒಂದು ತಪ್ಪು ಮಾತ್ರ ಸಿಕ್ಕೇ ಇಲ್ಲ, ನೀನು ಹುಡುಕು!"

ಕಾಗದದ ಸರಪರ. ಆಮೇಲೆ ಗಂಡನ ನಗು, ಅಳುವಿಗೆ ತೀರಾ ಹತ್ತಿರದ್ದು.

"ಹತ್ತು ನಲವತ್ತಕ್ಕೆ ಹೊರಟ ಬಸ್ಸು ಒಂದೂಕಾಲು ಗಂಟೆ ಓಡಿದ್ರೆ ಹನ್ನೊಂದು ನಲವತ್ತೈದಕ್ಕೆ ತಲುಪತ್ತಾ? ಹನ್ನೊಂದು ಐವತ್ತೈದು ಕಣೇ! ಡ್ರೈವರ್ ಮಗಳಾಗಿ ಬಸ್ಸಿನ ಲೆಕ್ಕಾನೇ ತಪ್ಪಿಸ್ದೆಯಲ್ಲೇ!"

"ನಿನ್ನ ಬಸ್ಸನ್ನ ಹತ್ತು ನಿಮಿಷ ಬೇಗ ತಲುಪಿಸಿದೀನಿ ಅಪ್ಪಾ. ಇನ್ಮೇಲೆ ಯಾರೂ ಬೈಯಲ್ಲ."

ನಗುವಿನ ನಡುವೆ ಅವನ ಹೆಜ್ಜೆ ಹತ್ತಿರ ಬಂದು ನಿಂತಿತು. ದನಿ ತಗ್ಗಿತು.

"ಇವಳ್ಯಾಕಮ್ಮಾ ಈ ಹೊತ್ತಲ್ಲಿ ಮಲಗಿದಾಳೆ? ಹುಷಾರಿಲ್ವಾ?"

"ಹುಷಾರಾಗಿದಾಳೆ," ಎಂದರು ಅತ್ತೆ. "ಅದಕ್ಕೇ ಮಲಗಿದಾಳೆ. ಆ ಕಡೆ ಹೋಗಿ ನಗಿ."